ನಾದವನ್ನು ಅಂಕಿಗೆ ಒಪ್ಪಿಸುವ ತರುಣರಿಗೆ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಭಜನೆ, ತಂಬೂರಿ ಕಥೆ, ನಾದಸ್ವರ, ನಾಟಕದ ಹಾಡುಗಳನ್ನು ಧ್ವನಿಮುದ್ರಿಸುತ್ತಿರುವ ತರುಣ ಮಿತ್ರರಿಗೆ,



ನಿಮ್ಮಲ್ಲಿ ಹಲವರನ್ನು ನಾನು ಹೆಸರಿನಿಂದ ಅರಿಯೆನಾದರೂ ಮುಖದಿಂದ ಬಲ್ಲೆ. ಸುತ್ತೂರು ಜಾತ್ರೆಯ ಭಜನಾ ಮೇಳದಲ್ಲಿ, ಶ್ರೀಕಂಠೇಶ್ವರಸ್ವಾಮಿಯ ದೊಡ್ಡ ಜಾತ್ರೆಯ ಐದು ತೇರುಗಳೂ ನೆಲೆಗೆ ಬಂದು ನಿಂತ ಮೇಲಿನ ಹಾಡಿಕೆಯಲ್ಲಿ, ಮುಡುಕುತೊರೆಯ ಬೆಟ್ಟದ ಬುಡದಲ್ಲಿ, ಊರೂರಿನ ಮಾರಿಗುಡಿಯ ಮುಂದಣ ಚಪ್ಪರದಲ್ಲಿ, ವೇದಿಕೆಯ ಮಗ್ಗುಲಿಗೆ ಒಂದು ಸಣ್ಣ ಮೇಜನ್ನು ಹಾಕಿಕೊಂಡು, ಅದರ ಮೇಲೆ ಲ್ಯಾಪ್‌ಟಾಪನ್ನೂ ಅದರ ಪಕ್ಕದಲ್ಲಿ ಎಂಟು ಮೈಕುಗಳ ತಂತಿಯನ್ನು ಒಮ್ಮೆಗೇ ಒಳಗೊಳ್ಳುವ ಒಂದು ಉದ್ದನೆಯ ಲೋಹದ ಪೆಟ್ಟಿಗೆಯನ್ನೂ ಇಟ್ಟು, ಊರೆಲ್ಲ ನಿದ್ರೆಗೆ ಜಾರಿದರೂ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕುಳಿತಿರುವ ನಿಮ್ಮನ್ನು ಕಂಡಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ. ಕ್ಯಾಸೆಟ್ಟಿನ ಕಾಲದಲ್ಲಿ ಇದೇ ಕೆಲಸವನ್ನು ಒಂದೇ ಮೈಕಿನಿಂದ ಮಾಡಿದವನು ನಾನು. ಅಂದು ನಮಗಿಲ್ಲದ ಸಾಮಗ್ರಿ ಇಂದು ನಿಮಗಿದೆ. ಆ ಸಾಮಗ್ರಿಯನ್ನು ಹೇಗೆ ಹೂಡಬೇಕು, ಹೇಗೆ ಅಪಾಯವಿಲ್ಲದಂತೆ ನಡೆಸಬೇಕು ಎಂಬ ವಿಷಯದಲ್ಲಿ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುವುದಕ್ಕಾಗಿ ಈ ಪತ್ರ.

ಆ ಪೆಟ್ಟಿಗೆಗೆ ನೀವು ಕನ್ವರ್ಟರ್ ಎನ್ನುತ್ತೀರಿ. ಅದರ ಕೆಲಸ ಏನೆಂಬುದನ್ನು ನಾನು ನನಗೇ ಹೀಗೆ ಬಿಡಿಸಿಕೊಂಡಿದ್ದೇನೆ. ನಮ್ಮ ನಂಜನಗೂಡಿನ ಕಪಿಲೆಯ, ಅಂದರೆ ಕಬಿನಿಯ, ದಡದಲ್ಲಿರುವ ಹದಿನಾರು ಕಾಲು ಮಂಟಪವನ್ನು ನೀವೆಲ್ಲರೂ ಬಲ್ಲಿರಿ. ಮಳೆಗಾಲದಲ್ಲಿ ಕಬಿನಿಯ ಅಣೆಕಟ್ಟೆಯಿಂದ ನೀರು ಬಿಟ್ಟರೆಂದರೆ ಅದರ ಕಂಬಗಳು ಒಂದೊಂದೇ ಗೇಣು ಮುಳುಗುತ್ತವೆ. ಆ ಕಂಬವೊಂದರ ಮೇಲೆ ಅಳತೆಯ ಗೆರೆಗಳನ್ನು ಕೊರೆದು, ಒಬ್ಬ ಕಾವಲುಗಾರನನ್ನು ಕೂರಿಸಿ, ನಿಯಮಿತವಾದ ಹೊತ್ತುಹೊತ್ತಿಗೆ ನೀರಿನ ಮಟ್ಟವನ್ನು ಬರೆದಿಡೆಂದು ಹೇಳಿದರೆ, ಹರಿಯುವ ಹೊಳೆ ಒಂದು ಅಂಕಿಗಳ ಸಾಲಾಗುತ್ತದೆ. ಅವನು ದಿನಕ್ಕೊಂದೇ ಸಲ ನೋಡಿದನಾದರೆ ನಡುವೆ ಏರಿ ಇಳಿದ ಪ್ರವಾಹ ಅವನ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಗೆರೆಗಳು ಮೊಳಕ್ಕೊಂದರಂತೆ ಇದ್ದರೆ ಬೆರಳಗಲದ ಏರಿಳಿತ ಅವನಿಗೆ ಕಾಣದು. ಕನ್ವರ್ಟರಿನಲ್ಲಿಯೂ ಹೀಗೆಯೇ. ಮೈಕಿನಿಂದ ಬರುವ ವಿದ್ಯುತ್ತಿನ ಅಲೆ ಹೊಳೆ. ಸೆಕೆಂಡಿಗೆ 48,000 ಸಲ ಅದರ ಮಟ್ಟವನ್ನು ನೋಡಿ ಬರೆಯುವುದು ಕಾವಲುಗಾರನ ಕೆಲಸ. 16 ಬಿಟ್ಟಿನಲ್ಲಿ ಕಂಬದ ಮೇಲೆ 65,536 ಗೆರೆಗಳಿದ್ದರೆ 24 ಬಿಟ್ಟಿನಲ್ಲಿ 1,67,77,216 ಗೆರೆಗಳು. ಮನುಷ್ಯನ ಕಿವಿ ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನಗಳವರೆಗೆ ಕೇಳಬಲ್ಲದಾದ್ದರಿಂದ, ಅದರ ಎರಡರಷ್ಟಕ್ಕೂ ಮಿಕ್ಕಿ ಅಳೆದರೆ ಕೇಳಿಸುವುದೊಂದೂ ತಪ್ಪಿಹೋಗದೆಂಬುದು ಶಾಸ್ತ್ರ. ಆದುದರಿಂದ ಹೊಸ ಹಾಡಿಕೆಗೆ 48 ಕಿಲೊಹರ್ಟ್ಸ್, 24 ಬಿಟ್. ಹಳೆಯ ಕ್ಯಾಸೆಟ್ಟುಗಳನ್ನು ಸಂಗ್ರಹಾಲಯದ ದೃಷ್ಟಿಯಿಂದ ಉಳಿಸುವುದಾದರೆ 96 ಕಿಲೊಹರ್ಟ್ಸ್, 24 ಬಿಟ್. ಇದಕ್ಕಿಂತ ಹೆಚ್ಚಿನ ಅಂಕಿಯ ವ್ಯಾಮೋಹ ಬೇಡ. ಅದರಿಂದ ಡಿಸ್ಕು ತುಂಬುವುದೇ ಹೊರತು ಹಾಡು ತುಂಬುವುದಿಲ್ಲ.

ಇನ್ನು ಮಂಟಪ ಪೂರ್ತಿ ಮುಳುಗಿದ ದಿನದ ಮಾತು. ನೀರು ಕಂಬದ ತುದಿಯನ್ನು ದಾಟಿದ ಮೇಲೆ ಅದು ಇನ್ನೂ ಒಂದು ಗೇಣು ಏರಿತೋ ಎರಡು ಆಳು ಏರಿತೋ ಎಂಬುದನ್ನು ಆ ಕಂಬ ಹೇಳಲಾರದು; ಕಾವಲುಗಾರನು ಗೆರೆಗಳು ಮುಗಿದ ಕಡೆಯಲ್ಲಿಯೇ ಒಂದೇ ಅಂಕಿಯನ್ನು ಮತ್ತೆ ಮತ್ತೆ ಬರೆಯುತ್ತಾ ಹೋಗುತ್ತಾನೆ. ನಿಮ್ಮ ಪೆಟ್ಟಿಗೆಯ ಮೇಲೆ ಕೆಂಪು ದೀಪ ಹೊತ್ತಿಕೊಂಡಾಗ ಆಗುವುದು ಇದೇ. ಕ್ಯಾಸೆಟ್ಟಿನಲ್ಲಿ ಲೆವೆಲ್ಲು ಸ್ವಲ್ಪ ಮೀರಿದರೆ ಧ್ವನಿ ಕೊಂಚ ಒರಟಾಗುತ್ತಿತ್ತು, ಅಷ್ಟೆ. ಅಂಕಿಯ ಲೋಕದಲ್ಲಿ ಸೊನ್ನೆ ಡೆಸಿಬೆಲ್ಲೇ ಛಾವಣಿ, ಅದರ ಮೇಲೆ ಹೋದ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ, ಮರಳಿ ಬಾರದು.

ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ಸುಮಾರು 15 ವರ್ಷಗಳ ಹಿಂದೆ ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಮಂಟೇಸ್ವಾಮಿ ಪರಂಪರೆಯ ತಂಬೂರಿ ಕಥೆಗಾರರಾದ ಒಬ್ಬ ವೃದ್ಧ ನೀಲಗಾರರ ಕಥೆಯನ್ನು ಇಂಥದೇ ಎಂಟು ಚಾನೆಲ್ಲಿನ ಪೆಟ್ಟಿಗೆಯಿಂದ ಮುದ್ರಿಸಲು ಹೋಗಿದ್ದೆ. ಸಂಜೆ ಅವರು ಡಕ್ಕೆಯ ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿ, ಹೆಬ್ಬೆರಳಿನಿಂದ ಒತ್ತಿ ನೋಡಿ, ಸಾಲದೆಂದು ಮತ್ತೆ ಕಾಯಿಸಿ, ಅನಂತರ ತಂಬೂರಿಯನ್ನು ಹೆಗಲಿಗೇರಿಸಿ ಗಗ್ಗರವನ್ನು ಕೈಗೆ ತೆಗೆದುಕೊಂಡು, ಬಹು ಮೆಲುದನಿಯಲ್ಲಿ ಎರಡು ಸೊಲ್ಲು ಹೇಳಿ, ‘ಸಾಕೇನಪ್ಪಾ?’ ಎಂದು ಕೇಳಿದರು. ಆ ಮೆಲುದನಿಗೆ ಸರಿಯಾಗಿ, ಸೊನ್ನೆಯ ಸಮೀಪಕ್ಕೇ ಬರುವಂತೆ, ಧ್ವನಿಯ ಮಟ್ಟವನ್ನು ಏರಿಸಿ ಇಳಿಸುವ ಗೇನಿನ ತಿರುಪನ್ನು ನಾನು ತಿರುಗಿಸಿಟ್ಟು ನಿಶ್ಚಿಂತನಾದೆ. ನಡುರಾತ್ರಿಯ ಹೊತ್ತಿಗೆ ಆ ಕೃಶ ದೇಹದೊಳಗಿನಿಂದ ಧರೆಗೆ ದೊಡ್ಡವರಾದ ಮಂಟೇಸ್ವಾಮಿಯವರ ಹೆಸರು ಎಂತಹ ಕಂಠದಲ್ಲಿ ಹೊರಟಿತೆಂದರೆ, ಮಲಗಿದ್ದ ಮಕ್ಕಳು ಎದ್ದು ಕುಳಿತರು. ಮರುದಿನ ಮನೆಯಲ್ಲಿ ಕುಳಿತು ಕೇಳಿದರೆ, ಎಲ್ಲಿ ಆ ಕಂಠ ಶಿಖರಕ್ಕೇರಿತ್ತೋ ಸರಿಯಾಗಿ ಅಲ್ಲಲ್ಲಿಯೇ ಹರಿದ ಬಟ್ಟೆಯಂತಹ ಕರಕರ ಶಬ್ದ. ಇನ್ನೊಮ್ಮೆ ಹಾಡಿಸಿಕೊಳ್ಳಬಹುದೆಂದು ಸಮಾಧಾನ ಮಾಡಿಕೊಂಡೆ. ಮುಂದಿನ ಜಾತ್ರೆಯ ವೇಳೆಗೆ ಅವರಿರಲಿಲ್ಲ. ಆ ರಾತ್ರಿಯ ಮುದ್ರಿಕೆ ಈಗಲೂ ನನ್ನ ಬಳಿ ಇದೆ. ಅದನ್ನು ಪೂರ್ತಿಯಾಗಿ ಕೇಳುವ ಧೈರ್ಯ ನನಗೆ ಈವರೆಗೂ ಬಂದಿಲ್ಲ.

ಆದಕಾರಣ ನನ್ನ ಮೊದಲನೆಯ ಬಿನ್ನಹ: ಸಂಜೆಯ ಪರೀಕ್ಷೆಯನ್ನು ನಂಬಬೇಡಿರಿ. ಕಥೆ ಹಾಡುವವರನ್ನು ಅವರ ಅತಿ ಗಟ್ಟಿಯಾದ ಪದವನ್ನೇ ಹೇಳಿರೆಂದು ಕೈಮುಗಿದು ಕೇಳಿ, ಆಗಲೂ ಮುಳ್ಳು ಸೊನ್ನೆಗೆ 12 ಡೆಸಿಬೆಲ್ ಕೆಳಗೇ ನಿಲ್ಲುವಂತೆ, ಸಾಧಾರಣ ಹಾಡಿಕೆ 18ರಿಂದ 20 ಡೆಸಿಬೆಲ್ ಕೆಳಗೆ ನಡೆಯುವಂತೆ ಇಡಿರಿ. ಮುದ್ರಿಕೆ ಮೆಲ್ಲಗಾಯಿತೆಂಬ ಭಯ ಬೇಡ. ಒಂದೊಂದು ಬಿಟ್ಟಿಗೆ ಸುಮಾರು 6 ಡೆಸಿಬೆಲ್ಲಿನಷ್ಟು ಅವಕಾಶವಿರುವುದರಿಂದ, 24 ಬಿಟ್ಟಿನಲ್ಲಿ 18 ಡೆಸಿಬೆಲ್ ಬಿಟ್ಟುಕೊಟ್ಟರೂ ನೀವು ಕಳೆದುಕೊಳ್ಳುವುದು ಮೂರೇ ಬಿಟ್ಟು. ಮೆಲ್ಲಗಿರುವುದನ್ನು ನಾಳೆ ಏರಿಸಿಕೊಳ್ಳಬಹುದು.

ಈ ಸಂದರ್ಭದಲ್ಲಿ ತಿರುಮಕೂಡಲಿನವರೇ ಆದ ಪಿಟೀಲು ಚೌಡಯ್ಯನವರನ್ನು ನೆನೆಯದೆ ಇರಲಾರೆ. 1895ರಲ್ಲಿ ಕಾವೇರಿ ಕಪಿಲೆಗಳ ಸಂಗಮದ ದಡದಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರ ಗುರುಕುಲದಲ್ಲಿ ಬೆಳೆದ ಅವರು, ಮೈಕಿಲ್ಲದ ಸಭೆಗಳಲ್ಲಿ ಹಿಂದಿನ ಸಾಲಿನ ಶ್ರೋತೃವಿಗೂ ಪಿಟೀಲಿನ ನಾದ ತಲುಪಲೆಂದು ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಕೂಡಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ನಾದದ ಗಾತ್ರವನ್ನು ಹೆಚ್ಚಿಸುವುದಕ್ಕೆ ಅವರು ಅಷ್ಟು ಶ್ರಮಪಡಬೇಕಾಯಿತು. ನಿಮಗೆ ಅದು ಒಂದು ತಿರುಪಿನ ಕೆಲಸ. ಆದರೆ ಎಷ್ಟು ಗಾತ್ರ ಸಾಕೆಂಬುದನ್ನು ಕಿವಿಯಿಂದ ನಿರ್ಣಯಿಸುವ ಹೊಣೆ ಅವರ ಮೇಲಿದ್ದಂತೆಯೇ ನಿಮ್ಮ ಮೇಲೂ ಇದೆ.

ಬಹುಚಾನೆಲ್ಲಿನ ಪೆಟ್ಟಿಗೆಯ ಪ್ರಯೋಜನವನ್ನು ನಮ್ಮ ತಂಬೂರಿ ಕಥೆಯಷ್ಟು ಚೆನ್ನಾಗಿ ತೋರಿಸುವುದು ಬೇರೊಂದಿಲ್ಲ. ಒಂದೇ ಮೈಕಿನ ಕಾಲದಲ್ಲಿ ಡಕ್ಕೆಯ ಪೆಟ್ಟು ಹಿಮ್ಮೇಳದವರ ಸೊಲ್ಲನ್ನು ನುಂಗಿಬಿಡುತ್ತಿತ್ತು. ಒಮ್ಮೆ ಕಲಸಿಹೋದುದನ್ನು ಬೇರ್ಪಡಿಸುವ ಉಪಾಯ ನಮಗಿರಲಿಲ್ಲ. ಈಗ ಮುಖ್ಯ ಕಥೆಗಾರರಿಗೊಂದು, ತಂಬೂರಿಗೊಂದು, ಗಗ್ಗರಕ್ಕೊಂದು, ಡಕ್ಕೆಗೊಂದು, ಹಿಮ್ಮೇಳಕ್ಕೆ ಎರಡು, ಕುಳಿತ ಜನರ ನಿಟ್ಟುಸಿರು, ನಗು, ಹೂಂಗುಟ್ಟುವಿಕೆಗಳಿಗೆ ಎರಡು ಎಂದು ಎಂಟೂ ಚಾನೆಲ್ಲುಗಳನ್ನು ಹಂಚಿಕೊಳ್ಳಬಹುದು. ಜನರ ಮೈಕನ್ನು ದಯವಿಟ್ಟು ಉಳಿಸಿಕೊಳ್ಳಿರಿ. ಹೂಂಗುಟ್ಟುವವರಿಲ್ಲದ ಕಥೆ ಅರ್ಧ ಕಥೆ. ಯಾವ ಚಾನೆಲ್ಲಿನಲ್ಲಿ ಯಾರು ಎಂಬುದನ್ನು ಹಾಡು ಆರಂಭವಾಗುವುದಕ್ಕೆ ಮೊದಲೇ ಕಾಗದದ ಮೇಲೆ ಬರೆದು, ಮೈಕಿನ ಮುಂದೆ ಬಾಯಲ್ಲಿಯೂ ಹೇಳಿ, ಊರು, ದಿನ, ಹಾಡುವವರ ಹೆಸರುಗಳನ್ನು ಧ್ವನಿಯಲ್ಲಿಯೇ ಸೇರಿಸಿಡಿರಿ.

ಎಂಟು ಸಾಲದೆಂದು ಎರಡು ಪೆಟ್ಟಿಗೆಗಳನ್ನು ಆಪ್ಟಿಕಲ್ ಕೇಬಲ್ಲಿನಿಂದ ಜೋಡಿಸುವವರೂ ನಿಮ್ಮಲ್ಲಿದ್ದಾರೆ. ಅವರು ನರಸೀಪುರದ ಸಂಗಮವನ್ನು ನೆನೆಯಲಿ. ಕಾವೇರಿಯ ಮೇಲೊಬ್ಬ, ಕಪಿಲೆಯ ಮೇಲೊಬ್ಬ ಕಾವಲುಗಾರ ಕುಳಿತು ಮಟ್ಟ ಬರೆಯುತ್ತಿರುವಾಗ ಇಬ್ಬರ ಗಡಿಯಾರಗಳೂ ಒಂದನ್ನೊಂದು ಒಪ್ಪದಿದ್ದರೆ, ಕೂಡುವೆಡೆಯ ಲೆಕ್ಕ ಎಂದಿಗೂ ಸರಿಬಾರದು. ಎರಡು ಪೆಟ್ಟಿಗೆಗಳು ತಮ್ಮ ತಮ್ಮ ಗಡಿಯಾರವನ್ನೇ ನಂಬಿ ನಡೆದರೆ ಟಕ್ ಟಕ್ ಎಂಬ ಸಣ್ಣ ಶಬ್ದಗಳು ನಡುನಡುವೆ ಸೇರಿಕೊಳ್ಳುತ್ತವೆ. ಅದು ಮೈಕಿನ ದೋಷವೆಂದು ತಿಳಿದು ತಂತಿ ಬದಲಾಯಿಸುತ್ತಾ ಕುಳಿತವರನ್ನು ಕಂಡಿದ್ದೇನೆ. ಒಂದೇ ಪೆಟ್ಟಿಗೆಯನ್ನು ಯಜಮಾನನನ್ನಾಗಿ ಮಾಡಿ ‘ಇಂಟರ್ನಲ್’ ಎಂದಿಡಿ. ಇನ್ನೊಂದನ್ನು ಅದರ ಗಡಿಯಾರವನ್ನು ಅನುಸರಿಸುವಂತೆ ‘ಎಕ್ಸ್‌ಟರ್ನಲ್’ ಎಂದಿಡಿ. ಲಾಕ್ ಆದುದನ್ನು ತೋರುವ ದೀಪ ಸ್ಥಿರವಾಗಿ ಉರಿಯುವವರೆಗೆ ಮುದ್ರಣಕ್ಕೆ ತೊಡಗಬೇಡಿ. ಆ ಆಪ್ಟಿಕಲ್ ಕೇಬಲ್ಲು 48 ಕಿಲೊಹರ್ಟ್ಸಿನಲ್ಲಿ ಎಂಟು ಚಾನೆಲ್ಲುಗಳನ್ನು ಹೊತ್ತರೆ 96ರಲ್ಲಿ ನಾಲ್ಕನ್ನೇ ಹೊರುವುದೆಂಬುದೂ ನೆನಪಿರಲಿ.

ಇನ್ನು ಅಪಾಯದ ಮಾತು. ಇದನ್ನು ಮಾತ್ರ ಕಟುವಾಗಿ ಹೇಳಬೇಕಾಗಿದೆ, ಮನ್ನಿಸಬೇಕು.

ಹೊಳೆಯ ದಡದ ಒಂದು ಗುಡಿಯಲ್ಲಿ ಮುಂಜಾನೆಯ ಭಜನೆ. ಮಿಕ್ಸರಿಗೆ ಗುಡಿಯ ಬೋರ್ಡಿನಿಂದಲೂ ಕನ್ವರ್ಟರಿಗೆ ಪಕ್ಕದ ಮನೆಯ ಬೋರ್ಡಿನಿಂದಲೂ ಕರೆಂಟು ಎಳೆದಿದ್ದರು. ಎರಡೂ ಕಡೆಯ ಅರ್ಥಿಂಗು ಬೇರೆಬೇರೆಯಾದ್ದರಿಂದ ಸ್ಪೀಕರಿನಲ್ಲಿ ಗುಂಯ್ ಎಂಬ 50 ಹರ್ಟ್ಸಿನ ಶಬ್ದ ತುಂಬಿಕೊಂಡಿತು. ನಿಮ್ಮಂತಹ ಒಬ್ಬ ಬುದ್ಧಿವಂತ ಹುಡುಗ, ಯಾರೋ ಹೇಳಿಕೊಟ್ಟಂತೆ, ಮೂರು ಪಿನ್ನಿನ ಪ್ಲಗ್ಗಿನ ಮೇಲಿನ ದಪ್ಪ ಪಿನ್ನನ್ನು ಕಿತ್ತುಹಾಕಿದ. ಗುಂಯ್ ಶಬ್ದ ಆ ಕ್ಷಣವೇ ನಿಂತಿತು. ಎಲ್ಲರೂ ಅವನನ್ನು ಹೊಗಳಿದರು. ಸ್ವಲ್ಪ ಹೊತ್ತಿನಲ್ಲಿ ಸ್ನಾನ ಮುಗಿಸಿ ಒದ್ದೆ ಪಂಚೆಯಲ್ಲೇ ಬಂದ ಭಜನೆಯ ಹಿರಿಯರೊಬ್ಬರು ಮೈಕನ್ನು ಹಿಡಿದವರೇ ಕಿರಿಚಿ ಹಿಂದಕ್ಕೆ ಬಿದ್ದರು. ಪುಣ್ಯಕ್ಕೆ ಬದುಕಿಕೊಂಡರು. ಆ ದಪ್ಪ ಪಿನ್ನಿನ ಕೆಲಸವಾದರೂ ಏನು? ಪೆಟ್ಟಿಗೆಯೊಳಗೆ ಕರೆಂಟಿನ ತಂತಿ ಎಲ್ಲಿಯಾದರೂ ಲೋಹದ ಕವಚಕ್ಕೆ ತಾಗಿದರೆ, 230 ವೋಲ್ಟು ಮನುಷ್ಯನ ಮೈಯನ್ನು ಹಿಡಿಯದೆ ಭೂಮಿಗೆ ಇಳಿಯಲೆಂದೂ, ಆಗ ಫ್ಯೂಜು ಹಾರಿ ಕರೆಂಟು ನಿಲ್ಲಲೆಂದೂ ಅದು ಇದೆ. ಅದನ್ನು ಕಿತ್ತರೆ ಕವಚದ ಕರೆಂಟು ಮೈಕಿನ ತಂತಿಯ ಹೊರಹೆಣಿಗೆಯ ಮೂಲಕ ನೇರವಾಗಿ ಹಾಡುವವರ ತುಟಿಗೆ ಬರುತ್ತದೆ.

ಗುಂಯ್ ಶಬ್ದಕ್ಕೆ ಬೇರೆ ಪರಿಹಾರಗಳಿವೆ. ಧ್ವನಿಯ ಸಾಮಗ್ರಿಯೆಲ್ಲಕ್ಕೂ ಅರ್ಥಿಂಗು ಸರಿಯಿರುವ ಒಂದೇ ಬೋರ್ಡಿನಿಂದ ಕರೆಂಟು ತೆಗೆದುಕೊಳ್ಳಿ. ಮೈಕಿಗೂ ಲೈನಿಗೂ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಮೊದಲಾದ ಬ್ಯಾಲೆನ್ಸ್ಡ್ ಕೇಬಲ್ಲುಗಳನ್ನೇ ಬಳಸಿ. ಮೈಕಿನ ತಂತಿ ಕರೆಂಟಿನ ತಂತಿಯ ಜೊತೆಜೊತೆಗೇ ಹಾಯದಂತೆ ನೋಡಿಕೊಳ್ಳಿ. ಆಗಲೂ ನಿಲ್ಲದಿದ್ದರೆ ಧ್ವನಿಯ ದಾರಿಯಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಡಿ. ಗುಡಿಯ, ಚಪ್ಪರದ ಬೋರ್ಡಿಗೆ, ಕರೆಂಟು ಸೋರಿದೊಡನೆ ಅದನ್ನು ತಾನೇ ಕಡಿದುಹಾಕುವ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿರೆಂದು ಆಡಳಿತ ಮಂಡಲಿಯವರನ್ನು ಒತ್ತಾಯಿಸಿ. ಇದಾವುದೂ ಆಗದಿದ್ದರೆ ಗುಂಯ್ ಶಬ್ದದೊಡನೆಯೇ ಮುದ್ರಿಸಿ. ಶಬ್ದ ಸೇರಿದ ಭಜನೆಯನ್ನು ನಾನು ಕೇಳಬಲ್ಲೆ.

ಕಂಡೆನ್ಸರ್ ಮೈಕುಗಳಿಗೆ ಪೆಟ್ಟಿಗೆಯೇ ಕೊಡುವ 48 ವೋಲ್ಟಿನ ಫ್ಯಾಂಟಮ್ ಶಕ್ತಿಯ ವಿಷಯದಲ್ಲಿಯೂ ಒಂದು ಮಾತು. ಮೊದಲು ಗೇನನ್ನು ಪೂರ್ತಿ ಇಳಿಸಿ, ತಂತಿಯನ್ನು ಜೋಡಿಸಿ, ಅನಂತರ ಫ್ಯಾಂಟಮ್ಮಿನ ಗುಂಡಿ ಒತ್ತತಕ್ಕದ್ದು. ತೆಗೆಯುವಾಗ ಅದನ್ನು ಮೊದಲು ಆರಿಸಿ, ಅರ್ಧ ನಿಮಿಷ ತಡೆದು, ಆಮೇಲೆ ತಂತಿ ಕೀಳತಕ್ಕದ್ದು. ರಿಬ್ಬನ್ ಮೈಕು, ಕ್ಯಾಸೆಟ್ ಡೆಕ್ಕು, ಕೀಬೋರ್ಡು ಇವುಗಳಿಗೆ ಫ್ಯಾಂಟಮ್ ತಾಗದಿರಲಿ. ಮನೆಮನೆಯ ಕ್ಯಾಸೆಟ್ಟುಗಳನ್ನು ಅಂಕಿಗೆ ಇಳಿಸುವವರು ಡೆಕ್ಕನ್ನು ಲೈನ್ ಇನ್‌ಪುಟ್ಟಿಗೇ ಜೋಡಿಸಬೇಕು, ಮೈಕಿನ ಇನ್‌ಪುಟ್ಟಿಗಲ್ಲ. ಮೈಕಿನದು ಕೆಲವೇ ಮಿಲಿವೋಲ್ಟು, ಡೆಕ್ಕಿನದು ಸುಮಾರು 0.3 ವೋಲ್ಟು.

ಸ್ವಿಚ್ಚು ಹಾಕುವಾಗ ಕನ್ವರ್ಟರು ಮೊದಲು, ಸ್ಪೀಕರಿನ ಆಂಪ್ಲಿಫೈಯರು ಕೊನೆಗೆ. ಆರಿಸುವಾಗ ಆಂಪ್ಲಿಫೈಯರು ಮೊದಲು. ಈ ಕ್ರಮ ತಪ್ಪಿದರೆ ಬರುವ ಒಂದು ‘ಧಬ್’ ಶಬ್ದ ಸ್ಪೀಕರನ್ನೂ, ಹೆಡ್‌ಫೋನು ಹಾಕಿಕೊಂಡ ನಿಮ್ಮ ಕಿವಿಯನ್ನೂ ಕೆಡಿಸಬಲ್ಲದು. ಜನರೇಟರಿನ ಕರೆಂಟು ಏರುಪೇರಾಗುವುದರಿಂದ ನಡುವೆ ಯುಪಿಎಸ್ ಇರಲಿ. ಪೆಟ್ಟಿಗೆಯ ಗಾಳಿಕಂಡಿಗಳನ್ನು ಟವೆಲ್ಲಿನಿಂದ ಮುಚ್ಚಬೇಡಿ, ಕಾದ ಆಂಪ್ಲಿಫೈಯರಿನ ಮೇಲೆ ಅದನ್ನು ಹೇರಬೇಡಿ. ಗುಡುಗು ಕೇಳಿತೆಂದರೆ ಪ್ಲಗ್ಗನ್ನು ಕಿತ್ತಿಡಿ. ಸ್ವಿಚ್ಚು ಆರಿಸಿದ ಮಾತ್ರಕ್ಕೆ ಒಳಗಿನ ಕರೆಂಟೆಲ್ಲ ಬರಿದಾಗುವುದಿಲ್ಲವಾದ್ದರಿಂದ ಅದರ ಮುಚ್ಚಳವನ್ನು ಎಂದೂ ನೀವೇ ಬಿಚ್ಚಬೇಡಿ.

ಮುದ್ರಿಸಿದ್ದನ್ನು ಉಳಿಸುವುದು ಇನ್ನೊಂದು ಸಂಗತಿ. ಎಂಟು ಚಾನೆಲ್ಲುಗಳು, 48 ಕಿಲೊಹರ್ಟ್ಸ್, 24 ಬಿಟ್ ಎಂದರೆ ಗಂಟೆಗೆ ಸುಮಾರು 4.15 ಜಿಬಿ, ರಾತ್ರಿಯಿಡೀ ಎಂಟು ಗಂಟೆಯ ಕಥೆಗೆ ಸುಮಾರು 33 ಜಿಬಿ. ಎಂಟನ್ನೂ ಒಂದೇ ಸಾಧಾರಣ ವೇವ್ ಕಡತದಲ್ಲಿ ಬರೆದರೆ ಅದರ 4 ಜಿಬಿಯ ಮಿತಿ ಒಂದು ಗಂಟೆಯ ಆಸುಪಾಸಿನಲ್ಲಿಯೇ ಮುಗಿದು, ಕಥೆ ಅಲ್ಲಿಯೇ ನಿಂತುಹೋದೀತು. ಚಾನೆಲ್ಲಿಗೊಂದು ಕಡತವೆಂದು ಬೇರೆಬೇರೆಯಾಗಿ ಬರೆದರೆ ಬೆಳಗಿನವರೆಗೂ ಚಿಂತೆಯಿಲ್ಲ. ಮನೆಗೆ ಬಂದ ದಿನವೇ ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಊರಿನಲ್ಲಿಡಿ. ಗದ್ದಲ ತೆಗೆಯುವ, ಸೊಗಸು ಮಾಡುವ ಕೆಲಸವನ್ನೆಲ್ಲ ಪ್ರತಿಯ ಮೇಲೆ ಮಾಡಿ, ಮೂಲವನ್ನು ಮುಟ್ಟಬೇಡಿ.

ಇಷ್ಟೆಲ್ಲ ಎಚ್ಚರವೇಕೆಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಪಿ. ಕೆ. ರಾಜಶೇಖರ ಅವರು 1973ರಲ್ಲಿ ಬಾಯಿಂದ ಬಾಯಿಗೆ ಹರಿದುಬಂದ ಮಾದೇಶ್ವರನ ಕಾವ್ಯವನ್ನು ಗ್ರಂಥರೂಪದಲ್ಲಿ ಹೊರತಂದಾಗ ಆ ಕಾವ್ಯದ ಪದಗಳು ಉಳಿದವು. ಇದೇ ನಂಜನಗೂಡಿನ ಸೀಮೆಯ ಆಡುಮಾತು ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ 1984ರಲ್ಲಿ ಅಕ್ಷರಕ್ಕೆ ಬಂದು ನಿಂತಿತು. ಆದರೆ ಒಂದು ಸೊಲ್ಲನ್ನು ಎಲ್ಲಿ ಎಳೆಯಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಗಗ್ಗರದ ಯಾವ ಅಲುಗಾಟಕ್ಕೆ ಹಿಮ್ಮೇಳ ಎತ್ತಿಕೊಳ್ಳಬೇಕು ಎಂಬುದನ್ನು ಅಕ್ಷರ ಹಿಡಿಯಲಾರದು. ಅದು ನಿಮ್ಮ ಪೆಟ್ಟಿಗೆಯ ಪಾಲಿನ ಕೆಲಸ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 30 ವ್ಯಾಟಿನ ಯಂತ್ರವನ್ನು ಹೂಡಿ ಬಾನುಲಿ ಪ್ರಸಾರವನ್ನು ಆರಂಭಿಸಿದರು; ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ್ದು. ಸ್ವಂತ ಆಸಕ್ತಿಯಿಂದ, ಸ್ವಂತ ಖರ್ಚಿನಿಂದ ನಾದದ ಸೇವೆಗೆ ನಿಂತವರು ಈ ಜಿಲ್ಲೆಯಲ್ಲಿ ನಿಮಗಿಂತ ಮುಂಚೆಯೂ ಇದ್ದರು.

ಕೊನೆಯದಾಗಿ ಒಂದು ಬೇಡಿಕೆ. ಹಾಡುವವರ ಒಪ್ಪಿಗೆಯನ್ನು ಮೊದಲೇ ಕೇಳಿರಿ, ಮುದ್ರಿಕೆಯನ್ನು ಏನು ಮಾಡುವಿರೆಂಬುದನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿರಿ. ಮಾಡುವ ಪ್ರತಿಗಳಲ್ಲಿ ಒಂದನ್ನು, ಅವರ ಮನೆಯಲ್ಲಿರುವ ಮೊಬೈಲಿನಲ್ಲಿಯೋ ಟೀವಿಯಲ್ಲಿಯೋ ಕೇಳಲಾಗುವಂತೆ ಸಿದ್ಧಪಡಿಸಿ, ನೀವೇ ಹೋಗಿ ಅವರ ಕೈಗೆ ಕೊಟ್ಟು, ಒಮ್ಮೆ ಹಾಕಿ ಕೇಳಿಸಿ ಬನ್ನಿರಿ. ನನ್ನ ಆ ವೃದ್ಧ ನೀಲಗಾರರು ತಮ್ಮ ಕಥೆಯನ್ನು ತಾವು ಒಮ್ಮೆಯೂ ಕೇಳಲಿಲ್ಲ.

ಇಂತು,
ನಿಮ್ಮ ಶ್ರೇಯೋಭಿಲಾಷಿಯಾದ
ಓರ್ವ ಹಳೆಯ ಧ್ವನಿಮುದ್ರಕ
ನಂಜನಗೂಡು